ಪದ ಪರಿಚಯ: ಬೇಸಿಕ್ ಲೈಫ್ ಸಪೋರ್ಟ್

ವೈದ್ಯಕೀಯ ಕಾಲೇಜುಗಳಲ್ಲಿ ನಡೆಯುವ ಕಾರ್ಯಾಗಾರಗಳ ವರದಿಗಳಲ್ಲಿ ‘ಬೇಸಿಕ್ ಲೈಫ್ ಸಪೋರ್ಟ್’ ಎಂಬುದು ಒಮ್ಮೆ ‘ಪ್ರಥಮ ಚಿಕಿತ್ಸೆ’ಯಾಗಿಯೂ ಇನ್ನೊಮ್ಮೆ ‘ಪ್ರಾಥಮಿಕ ಜೀವರಕ್ಷಣಾ ತರಬೇತಿ’ಯಾಗಿಯೂ ಅಚ್ಚಾಗುತ್ತಿರುತ್ತದೆ. ಮೊದಲನೆಯದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸುಟ್ಟ ಕೈಗೆ ನೀರು ಸುರಿಯುವುದೂ ಪ್ರಥಮ ಚಿಕಿತ್ಸೆಯೇ. ಬೇಸಿಕ್ ಲೈಫ್ ಸಪೋರ್ಟ್, ಚಿಕ್ಕದಾಗಿ ಬಿಎಲ್‌ಎಸ್, ಎಂದರೆ ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸುವ ಕ್ರಮ. ಅದಕ್ಕೆ ಸಂಬಂಧಿಸಿದ್ದು ಹೃದಯ ಸ್ತಂಭಿಸಿದವರು, ಉಸಿರು ನಿಂತವರು, ಗಂಟಲಲ್ಲಿ ಏನಾದರೂ ಸಿಕ್ಕಿ ಉಸಿರುಗಟ್ಟಿದವರು ಮಾತ್ರ. ಎರಡನೆಯ ಅನುವಾದ ಮೇಲ್ನೋಟಕ್ಕೆ ಸರಿಯಾಗಿ ಕಾಣುವುದರಿಂದಲೇ ಹೆಚ್ಚು ತೊಂದರೆ ಕೊಡುತ್ತದೆ.

‘ಪ್ರಾಥಮಿಕ’ ಹುಟ್ಟಿದ್ದು ‘ಪ್ರಥಮ’ದಿಂದ. ಅದು ಸರದಿಯನ್ನು ಸೂಚಿಸುವ ಪದ. ಪ್ರಾಥಮಿಕ ಶಾಲೆಯನ್ನು ಮುಗಿಸಿದವರು ಮತ್ತೆ ಅಲ್ಲಿ ಹೋಗಿ ಕೂರುವುದಿಲ್ಲ. ‘ಬೇಸಿಕ್’ನ ಮೂಲದಲ್ಲಿರುವ ಗ್ರೀಕಿನ ‘ಬಾಸಿಸ್’ಗಾದರೋ ಹೆಜ್ಜೆ, ಕಾಲೂರುವ ನೆಲೆ, ಪೀಠ ಎಂಬ ಅರ್ಥಗಳಿವೆ. ನಮ್ಮ ‘ಅಡಿಪಾಯ’ ಇದಕ್ಕೆ ಬಹಳ ಹತ್ತಿರದ್ದು: ಅದರ ‘ಅಡಿ’ಯೂ ಕಾಲು, ಪಾರಸಿ ಮೂಲದ ‘ಪಾಯ’ವೂ ಕಾಲೇ. ಈ ಅರ್ಥದಲ್ಲಿ ನೋಡಿದರೆ ಬಿಎಲ್‌ಎಸ್ ಕಲಿತು ದಾಟಿಬಿಡುವ ಮೆಟ್ಟಿಲಲ್ಲ. ಐಸಿಯುವಿನಲ್ಲಿ ಅಡ್ರಿನಲಿನ್ ಕೊಡುತ್ತಿರುವಾಗಲೂ ಎದೆ ಒತ್ತುವ ಕೈ ನಿಲ್ಲುವಂತಿಲ್ಲ, ಏಕೆಂದರೆ ಕೈಯ ರಕ್ತನಾಳಕ್ಕೆ ಚುಚ್ಚಿದ ಆ ಔಷಧವನ್ನು ನಿಂತ ಹೃದಯದವರೆಗೆ ಒಯ್ಯುವ ಬಲ ಆ ಒತ್ತಿನದೇ.

ಹಾಗಾದರೆ ಬೇಸಿಕ್ ಮತ್ತು ಅದರ ಮುಂದಿನ ಹಂತವಾದ ಅಡ್ವಾನ್ಸ್ಡ್ ಲೈಫ್ ಸಪೋರ್ಟ್ ನಡುವಿನ ಗೆರೆ ಯಾವುದು? ಔಷಧ, ಶ್ವಾಸನಾಳಕ್ಕೆ ಕೊಳವೆ, ಇಸಿಜಿ ಓದಿ ತೀರ್ಮಾನಿಸುವ ಚಿಕಿತ್ಸೆ, ಇವೆಲ್ಲ ಆಚೆ. ಕೈ, ಉಸಿರು ಮತ್ತು ಹೃದಯದ ಲಯವನ್ನು ತಾನೇ ಪರೀಕ್ಷಿಸಿ ಬೇಕಿದ್ದರೆ ವಿದ್ಯುತ್ ಶಾಕ್ ಕೊಡಿಸುವ ಎಇಡಿ ಯಂತ್ರ ಈಚೆ. (ಶಾಕ್ ಕೊಡುವುದೆಂದರೆ ದೊಡ್ಡ ಡಾಕ್ಟರರ ಕೆಲಸ ಎಂದು ಸಿನಿಮಾಗಳು ಕಲಿಸಿಟ್ಟಿವೆ, ಇಸಿಜಿಯಲ್ಲಿ ನೇರ ಗೆರೆ ಬಂದಾಗ ಶಾಕ್ ಕೊಡುವುದನ್ನೂ ಅವೇ ಕಲಿಸಿವೆ, ಎರಡೂ ತಪ್ಪು.) 1960ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಅವರು ಎದೆ ಸೀಳದೆ ಹೊರಗಿನಿಂದಲೇ ಹೃದಯವನ್ನು ಒತ್ತುವ ವಿಧಾನವನ್ನು ಪ್ರಕಟಿಸಿದಾಗ, ಅದರ ಹೆಚ್ಚುಗಾರಿಕೆ ಇದ್ದದ್ದೇ ಎರಡು ಕೈಗಳ ಹೊರತು ಬೇರೇನೂ ಬೇಡ ಎಂಬುದರಲ್ಲಿ.

ಬೇಕಾದದ್ದು ಕಡಿಮೆ ಎಂದ ಮಾತ್ರಕ್ಕೆ ಕೆಲಸ ಸುಲಭವೆಂದಲ್ಲ. 2019ರಲ್ಲಿ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದ ಅರಿವಳಿಕೆ ವಿಭಾಗವು, ವಯಸ್ಕರು, ಮಕ್ಕಳು ಮತ್ತು ನವಜಾತ ಶಿಶುಗಳಿಗೆ ಬಿಎಲ್‌ಎಸ್ ಮಾಡುವ ಕ್ರಮವನ್ನು ವಿದ್ಯಾರ್ಥಿಯು ಕೃತಕ ಸನ್ನಿವೇಶದಲ್ಲಿ ‘ಮಾಡಿ ತೋರಿಸಬೇಕು’ ಎಂದು ಕೇಳುತ್ತದೆ, ವಿವರಿಸಿದರೆ ಸಾಲದು. ಆದರೆ ಒಂದು ಮ್ಯಾನಿಕಿನ್ (ಅಭ್ಯಾಸಕ್ಕೆಂದು ಇಡುವ ಮನುಷ್ಯಾಕಾರದ ಬೊಂಬೆ) ಸುತ್ತ ಇಡೀ ಬ್ಯಾಚು ನಿಂತು, ಮುಂದಿನ ನಾಲ್ವರು ಒತ್ತಿ, ಹಿಂದಿನವರು ಮೊಬೈಲಿನಲ್ಲಿ ಚಿತ್ರೀಕರಿಸಿ, ಎಲ್ಲರ ಲಾಗ್‌ಬುಕ್‌ಗೂ ಸಹಿ ಬೀಳುವುದನ್ನು ‘ಪ್ರಾಥಮಿಕ’ ಎಂಬ ಭಾವನೆಯೇ ಸಮರ್ಥಿಸುತ್ತದೆ. ಒತ್ತುತ್ತಿರುವ ವಿದ್ಯಾರ್ಥಿಯನ್ನು ಹತ್ತಿರದಿಂದ ಗಮನಿಸಿದರೆ ವಿಷಯ ಬೇರೆಯೇ ಇರುತ್ತದೆ. ಮೊದಲ ಮೂವತ್ತು ಒತ್ತುಗಳಿಗೆ ಮ್ಯಾನಿಕಿನ್ ‘ಟಕ್’ ಎಂದು ಸರಿಯಾಗಿ ಸದ್ದು ಮಾಡುತ್ತದೆ. ಒಂದು ನಿಮಿಷ ಕಳೆಯುವುದರೊಳಗೆ ಮೊಣಕೈ ಮಡಚಿಕೊಳ್ಳುತ್ತದೆ, ಐದು ಸೆಂಟಿಮೀಟರ್ ಇಳಿಯಬೇಕಾದ ಎದೆ ಮೂರಕ್ಕೇ ನಿಲ್ಲುತ್ತದೆ, ಮೈಭಾರವನ್ನು ಪೂರ್ತಿ ಎತ್ತದ ಕಾರಣ ಹೃದಯ ಮರಳಿ ತುಂಬಿಕೊಳ್ಳಲು ಎಡೆಯೇ ಸಿಗುವುದಿಲ್ಲ, ನಿಮಿಷಕ್ಕೆ 100ರಿಂದ 120 ಇರಬೇಕಾದ ವೇಗ ಗಾಬರಿಯಲ್ಲಿ 140 ಮುಟ್ಟುತ್ತದೆ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ಹೀಗೆ ದಕ್ಕಿಸಿಕೊಂಡ ಕೌಶಲವೂ ಕೆಲವೇ ತಿಂಗಳುಗಳಲ್ಲಿ ಸಡಿಲವಾಗತೊಡಗುತ್ತದೆ. ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲಿ ಒಮ್ಮೆ ಕಲಿಸಿ ಇಂಟರ್ನ್‌ಶಿಪ್‌ವರೆಗೆ ಮರೆತುಬಿಡುವುದಕ್ಕೆ ಹಾಗಾಗಿ ಅರ್ಥವಿಲ್ಲ.

ಇನ್ನು ಸಾರ್ವಜನಿಕರಿಗೆ ‘ಬಿಎಲ್‌ಎಸ್ ಕಲಿಸಲಾಯಿತು’ ಎಂಬ ಸುದ್ದಿಗಳಲ್ಲಿ ಎಷ್ಟೋ ಸಲ ನಿಜವಾಗಿ ಕಲಿಸಿರುವುದು ಭಾರತೀಯ ಅರಿವಳಿಕೆ ತಜ್ಞರ ಸಂಘವು ಜನಸಾಮಾನ್ಯರಿಗೆಂದು ರೂಪಿಸಿದ ‘ಸಿಒಎಲ್‌ಎಸ್’ (ಕಂಪ್ರೆಶನ್ ಓನ್ಲಿ ಲೈಫ್ ಸಪೋರ್ಟ್), ಅಂದರೆ ಎದೆ ಒತ್ತುವುದಷ್ಟೇ, ಬಾಯಿಂದ ಉಸಿರು ಕೊಡುವುದಿಲ್ಲ. ದಾರಿಹೋಕರಿಗೆ ಅದು ಸೂಕ್ತವಾದ ಆಯ್ಕೆ. ವೈದ್ಯ ವಿದ್ಯಾರ್ಥಿಯಾದರೋ ಅಲ್ಲಿಗೇ ನಿಲ್ಲುವಂತಿಲ್ಲ: ಮಕ್ಕಳಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಉಸಿರು, ಆಮೇಲೆ ಹೃದಯ. ಆದ್ದರಿಂದ ವಯಸ್ಕರಿಗೆ 30 ಒತ್ತಿಗೆ ಎರಡು ಉಸಿರು ಕೊಡುವ ಕೈಗಳು, ಇಬ್ಬರು ರಕ್ಷಕರಿರುವಾಗ ಮಗುವಿಗೆ 15ಕ್ಕೇ ಎರಡು ಉಸಿರು ಕೊಡುವುದನ್ನೂ, ಉಸಿರು ಕೊಡುವ ಮಾಸ್ಕನ್ನು ಗಾಳಿ ಸೋರದಂತೆ ಮುಖಕ್ಕೆ ಹಿಡಿಯುವುದನ್ನೂ ರೂಢಿಸಿಕೊಂಡಿರಬೇಕು.