ಪಾಂಟಿಲ್ ಅಂದರೆ ಚಕ್ಕೆ ಎದ್ದ ಜಾಗ ಅಲ್ಲ

ಹೋದ ವಾರ ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಹಳೇ ಸಾಮಾನು ಮಾರುವವನೊಬ್ಬ ನನ್ನ ಅಂಗೈಗೆ ಗೋಲಿಗುಂಡ ಒಂದನ್ನಿಟ್ಟು, "ಪಾಂಟಿಲ್ ಐತ್ರೀ ಸರ, ಬ್ರಿಟಿಷರ ಕಾಲದ್ದು. ಐನೂರಕ್ಕ ಒಂದ್ ರೂಪಾಯಿ ಕಮ್ಮಿ ಇಲ್ಲ" ಅಂದ. ಕೈಯಲ್ಲಿ ಮಾಡಿದ ಗುಂಡದ ಮೇಲೆ ತಯಾರಿಸುವಾಗ ಉಳಿಯುವ ಕಲೆಗೆ ಸಂಗ್ರಾಹಕರು ಪಾಂಟಿಲ್ ಅನ್ನುತ್ತಾರೆ. ಆದರೆ ಉಗುರಿನಿಂದ ಅವನು ತೋರಿಸಿದ ಪಾಂಟಿಲ್, ಯಾವುದೋ ಹುಡುಗ ಗುರಿಯಿಟ್ಟು ಹೊಡೆದಾಗ ಎದ್ದ ಚಕ್ಕೆಯ ಗಾಯ. ಗುಂಡವೋ, ಒಳಗೆ ಹಳದಿ ಎಸಳಿರುವ ಬೆಕ್ಕಿನ ಕಣ್ಣು. ಆ ಮಾದರಿ ಜಪಾನಿನಿಂದ ಹೊರಗೆ ಬಂದದ್ದೇ 1950ರ ದಶಕದ ಆರಂಭದಲ್ಲಿ. ಅಷ್ಟೊತ್ತಿಗೆ ಬ್ರಿಟಿಷರು ಗಂಟುಮೂಟೆ ಕಟ್ಟಿಯಾಗಿತ್ತು. ಈ ಪದ ಹೀಗೆ ಕಿವಿಗೆ ಬಿದ್ದದ್ದು ಈ ವರ್ಷ ಏಳೋ ಎಂಟೋ ಸಲ. ಗದಗಿನವರೊಬ್ಬರಂತೂ "ಪೆನ್ಸಿಲ್ ಮಾರ್ಕ್ ಸೈತ ಅದರೀ" ಅಂತ ಫೋಟೊ ಕಳಿಸಿದ್ದರು.

ಪದದ ಬೇರು ಇಟಲಿಯದು. ಪುಂತೊ ಅಂದರೆ ಮೊನೆ, ಚುಕ್ಕೆ. ಅದರ ಮರಿ ರೂಪ ಪುಂತೆಲ್ಲೊ. ಫ್ರೆಂಚರು ಅದನ್ನು ಪಾಂಟಿಲ್ ಮಾಡಿಕೊಂಡರು, ಇಂಗ್ಲಿಷ್ ಗಾಜಿನ ಕೆಲಸದವರ ಬಾಯಲ್ಲಿ ಸವೆದು ಪಂಟಿ ಆಯಿತು. ಇನ್ನೂ ಹಿಂದೆ ಹೋದರೆ ಲ್ಯಾಟಿನ್ನಿನ ಪುಂಕ್ತುಮ್, ಚುಚ್ಚಿದ ಗುರುತು. ಪಾಯಿಂಟ್ ಹುಟ್ಟಿದ್ದೂ ಅಲ್ಲೇ, ಪಂಕ್ಚರ್ ಹುಟ್ಟಿದ್ದೂ ಅಲ್ಲೇ. ಗಬ್ಬೂರು ಬೈಪಾಸಿನ ಕಡೆ ಹಳೇ ಟೈರಿನ ಮೇಲೆ ಸುಣ್ಣದಲ್ಲಿ "ಪಂಚರ್" ಅಂತ ಬರೆದು ನಿಲ್ಲಿಸಿರುತ್ತಾರಲ್ಲ, ಆ ಪದ ನಮ್ಮ ಪಾಂಟಿಲ್‌ಗೆ ಖಾಸಾ ದಾಯಾದಿ.

ತಮಾಷೆ ಏನೆಂದರೆ, ಪಾಂಟಿಲ್ ಅನ್ನುವುದು ಮೊದಲಿಗೆ ಗುರುತಿನ ಹೆಸರೇ ಅಲ್ಲ, ಒಂದು ಸಲಾಕೆಯ ಹೆಸರು. ಊದುಕೊಳವೆಯ ತುದಿಯಲ್ಲಿ ಹೂಜಿ ಊದಿದ ಮೇಲೆ ಅದರ ಬಾಯಿ ತಿದ್ದಬೇಕು. ಬಾಯಿ ಇರುವುದೇ ಕೊಳವೆಯ ಕಡೆ. ಹಾಗಾಗಿ ತಳಕ್ಕೆ ಕಾದ ಗಾಜಿನ ಹನಿಯಿಂದ ಕಬ್ಬಿಣದ ಸಲಾಕೆ ಅಂಟಿಸಿ ಹಿಡಿದುಕೊಂಡು ಕೊಳವೆ ಬಿಡಿಸುತ್ತಾರೆ. ಬಾಯಿ ತಿದ್ದಿದ ಮೇಲೆ ಸಲಾಕೆಯನ್ನು ತಟ್ಟಿ ತೆಗೆಯುತ್ತಾರೆ. ತಳದಲ್ಲಿ ಉಳಿಯುವ ಒರಟು ಕಲೆಯೇ ಪಾಂಟಿಲ್ ಮಾರ್ಕ್. ಹೂಜಿ, ಬಾಟಲಿಗಳ ಮಟ್ಟಿಗೆ ಪದ ನೆಟ್ಟಗಿದೆ.

ಗುಂಡದ ಕಥೆ ಬೇರೆ. ಹಳೆಯ ಕೈಕೆಲಸದ ಗುಂಡಗಳಲ್ಲಿ ಬಹುಪಾಲು ಜರ್ಮನಿಯ ಥುರಿಂಗಿಯಾ ಸೀಮೆಯವು, ಅದರಲ್ಲೂ ಲೌಶಾ ಊರಿನ ಸುತ್ತಮುತ್ತಲಿನವು. ಅಲ್ಲಿ ಊದುವ ಪ್ರಶ್ನೆಯೇ ಇಲ್ಲ. ಸಿದ್ಧಾರೂಢರ ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿಯವನನ್ನು ನೆನೆಸಿಕೊಳ್ಳಿ. ಬಿದಿರಿನ ಕೋಲಿಗೆ ಸುತ್ತಿದ ಬಣ್ಣದ ಪಾಕವನ್ನು ಎಳೆದು, ಹೊಸೆದು, ಚಿವುಟಿ ಹುಡುಗರ ಕೈಗೆ ಗಡಿಯಾರ ಕಟ್ಟುತ್ತಾನೆ. ಕೆಂಪು ಗೆರೆ ಹೊಸೆದಂತೆಲ್ಲ ಸುರುಳಿಯಾಗುತ್ತದೆ. ಗಾಜಿನಲ್ಲೂ ಹಾಗೇ. ಬಣ್ಣದ ಎಳೆಗಳನ್ನು ಒಳಗಿಟ್ಟು ಗಾಜಿನ ಕೋಲು ಎಳೆದು, ತುದಿಯನ್ನು ಒಂದು ಕಡೆ ಬಟ್ಟಲಿರುವ ವಿಶೇಷ ಕತ್ತರಿಯಲ್ಲಿ ತಿರುಗಿಸಿ ಗುಂಡಗೆ ಮಾಡಿ, ಅದೇ ಕತ್ತರಿಯಲ್ಲಿ ಕತ್ತರಿಸುತ್ತಿದ್ದರು. ಆ ಕತ್ತರಿ ಲೌಶಾದಲ್ಲಿ ಬಳಕೆಗೆ ಬಂದದ್ದು 1840ರ ದಶಕದಲ್ಲಿ. ಹಿಂದಿನ ಗುಂಡವನ್ನು ಕತ್ತರಿಸಿದಾಗ ಒಂದು ಕಲೆ, ಇದನ್ನು ಕತ್ತರಿಸಿದಾಗ ಇನ್ನೊಂದು. ಎದುರುಬದುರು ಎರಡು ತುದಿ, ಎರಡು ಕಲೆ. ಸಲಾಕೆ ಅಂಟಿಸಿದ್ದೇ ಇಲ್ಲ! ಸಂಗ್ರಾಹಕರು ಬಾಟಲಿಯವರಿಂದ ಪದವನ್ನು ಕಡ ತಂದು ತಪ್ಪು ಜಾಗಕ್ಕೆ ಹಚ್ಚಿದ್ದಾರೆ. ನನ್ನನ್ನು ಕೇಳಿದರೆ ಕನ್ನಡದಲ್ಲಿ "ಕತ್ತರಿ ಗುರುತು" ಅಂದರೆ ಸಾಕು. ಆದರೆ ಪೇಟೆಯಲ್ಲಿ ಪಾಂಟಿಲ್ ಊರಿಬಿಟ್ಟಿದೆ, ಇರಲಿ.

ಹಾಗಾದರೆ ಚಕ್ಕೆಗೂ ಕತ್ತರಿ ಗುರುತಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ಎಳೆಗಳನ್ನು ನೋಡಿ. ನಿಜವಾದ ಗುರುತಿನತ್ತ ಬಣ್ಣದ ಎಳೆಗಳೆಲ್ಲ ಬಂದು ಸೇರುತ್ತವೆ, ಒಂದು ಧ್ರುವದಿಂದ ಹೊರಟು ಇನ್ನೊಂದಕ್ಕೆ. ಚಕ್ಕೆಗೆ ಎಳೆಯ ಹಂಗಿಲ್ಲ, ಎಲ್ಲಿ ಏಟು ಬಿತ್ತೋ ಅಲ್ಲಿ. ಭೂತಗನ್ನಡಿಯಲ್ಲಿ ಅದು ಚಿಪ್ಪಿನ ಹಾಗೆ ಅಲೆಅಲೆಯಾಗಿ, ಹರಿತವಾಗಿ ಕಾಣುತ್ತದೆ. ಕತ್ತರಿ ಗುರುತು ಒರಟಾಗಿರಬಹುದು, ಕಾಯಿಸಿ ಮೆತ್ತಗೆ ಮಾಡಿರಬಹುದು, ಉಜ್ಜಿ ಚಪ್ಪಟೆ ಮಾಡಿರಬಹುದು.

ಯಂತ್ರದ ಗುಂಡಕ್ಕೆ ಸಾಮಾನ್ಯವಾಗಿ ಇದ್ಯಾವುದೂ ಇರುವುದಿಲ್ಲ. ಅಮೆರಿಕದ ಅಕ್ರನ್ ಊರಿನ ಮಾರ್ಟಿನ್ ಕ್ರಿಸ್ಟೆನ್ಸನ್ ಗುಂಡ ಹೊರಳಿಸುವ ಯಂತ್ರಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ಮೊದಮೊದಲು ಕರಗಿದ ಗಾಜನ್ನು ಸಲಾಕೆಯಲ್ಲಿ ತಂದು, ಕತ್ತರಿಸಿ ಯಂತ್ರಕ್ಕೆ ಬೀಳಿಸುತ್ತಿದ್ದದ್ದು ಮನುಷ್ಯರೇ. ಆಮೇಲೆ ಆ ಕೆಲಸವನ್ನೂ ಯಂತ್ರ ನುಂಗಿತು. ಜೊತೆಗೆ ಮೊದಲನೇ ಮಹಾಯುದ್ಧ ಬಂದು ಜರ್ಮನಿಯ ಗುಂಡ ಹೊರದೇಶಕ್ಕೆ ಹೋಗುವುದು ನಿಂತಿತು. ಕೈಕೆಲಸದ ಕಾಲ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ನಾವು ಕುಣಿ ತೋಡಿ ಆಡಿದ್ದೆಲ್ಲ ಯಂತ್ರದವು, ಬೇಜಾರು ಮಾಡಿಕೊಳ್ಳಬೇಡಿ.

ಇಷ್ಟು ಹೇಳಿದ ಮೇಲೆ "ಪಾಂಟಿಲ್ ಇದ್ದರ ಹಳೇದು" ಅಂತ ಸೂತ್ರ ಮಾಡಿಕೊಳ್ಳುವವರು ಇದ್ದೇ ಇರುತ್ತಾರೆ. ಅಲ್ಲ! ಇವತ್ತಿಗೂ ಕೈಯಲ್ಲಿ ಗುಂಡ ಮಾಡುವ ಗಾಜಿನ ಕಲಾವಿದರಿದ್ದಾರೆ, ಅವರ ಗುಂಡಕ್ಕೂ ಕಲೆ ಇರುತ್ತದೆ. ತಿರುಗಾಮುರುಗಾ ಮಾಡಿ "ಪಾಂಟಿಲ್ ಇಲ್ಲಂದ್ರ ಹಳೇದಲ್ಲ, ಬೆಲೆ ಇಲ್ಲ" ಅಂದರೂ ತಪ್ಪೇ: ಗುಂಡ ಮಾಡುತ್ತಿದ್ದ ಅಮೆರಿಕದ ಅಕ್ರೊ ಅಗೇಟ್ ಕಂಪನಿ 1951ರಲ್ಲೇ ಬಾಗಿಲು ಹಾಕಿತು, ಅದರ ಯಂತ್ರದ ಗುಂಡಗಳಿಗೆ ಒಳ್ಳೆ ಬೆಲೆ ಕೊಡುವವರಿದ್ದಾರೆ. ಎಲ್ಲಕ್ಕಿಂತ ಸಿಟ್ಟು ಬರುವುದು ಪಾಲಿಶ್ ಮಾಡಿಸುವವರ ಮೇಲೆ. ಧಾರವಾಡದ ಪರಿಚಯದವರೊಬ್ಬರು ಚೆಂದದ ಸುರುಳಿ ಗುಂಡವೊಂದನ್ನು "ಸ್ವಲ್ಪ ಒರಟ ಇತ್ತು, ನೈಸ್ ಮಾಡಿಸಿದೆ" ಅಂತ ತಂದು ತೋರಿಸಿದರು. ಅವರು ಉಜ್ಜಿಸಿ ತೆಗೆದ ಆ ಒರಟೇ ಅದರ ಜಾತಕವಾಗಿತ್ತು. ಚಹಾ ಕುಡಿಸಿ ಕಳಿಸಿದೆ, ಏನೂ ಹೇಳಲಿಲ್ಲ.

ಇನ್ನು ಸೋಡಾ ಬಾಟಲಿಯ ಗೋಲಿ. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ದಶಕದ ಆರಂಭದಲ್ಲಿ ರೂಪಿಸಿದ ಬಾಟಲಿ ಅದು. ಒಳಗಿನ ಗ್ಯಾಸು ಗೋಲಿಯನ್ನು ಮೇಲಕ್ಕೆ ಒತ್ತಿ ಕಂಠದ ರಬ್ಬರ್ ಬಳೆಗೆ ಕೂರಿಸುತ್ತದೆ. ಆ ಗೋಲಿ ಬರೀ ಗಾಜು, ಒಳಗೆ ಎಳೆಯಿಲ್ಲ, ಹೆಚ್ಚಾಗಿ ತೆಳು ಹಸಿರು. ಅದರ ಮೇಲಿನ ಗೀರು ಬಾಟಲಿ ಒಡೆದು ತೆಗೆದಾಗ ಬಿದ್ದದ್ದು. ದುರ್ಗದಬೈಲಿನವನ ಡಬ್ಬಿಯಲ್ಲಿ ಅಂಥವು ನಾಲ್ಕಿದ್ದವು. ಅವಕ್ಕೂ "ಪಾಂಟಿಲ್ ಐತ್ರೀ" ಅಂದ. "ಇವು ಸೋಡಾದ್ವು ಮಾರಾಯಾ" ಅಂದೆ. "ಹೌದೇನ್ರೀ? ಹಂಗಾರ ನಾಕಕ್ಕೂ ಸೇರಿ ನಲ್ವತ್ತು ಕೊಡ್ರಿ" ಅಂದ. ಕೊಟ್ಟು ತಂದೆ.