ದೇವನಹಳ್ಳಿಯಲ್ಲೇ ತಯಾರಾದರೂ ಐಫೋನ್ ಯಾಕೆ ಅಗ್ಗವಾಗಿಲ್ಲ?

ಪ್ರಶ್ನೆ: ಸರ್, ಐಫೋನ್ 17 ನಮ್ಮ ದೇವನಹಳ್ಳಿಯಲ್ಲೇ ತಯಾರಾಗ್ತಿದೆ. ಆದ್ರೂ ಅಮೆರಿಕದಲ್ಲಿ ಕಡಿಮೆ, ನಮ್ಮಲ್ಲಿ ಜಾಸ್ತಿ. ಇಲ್ಲೇ ಮಾಡಿ ನಮಗೇ ದುಬಾರಿಗೆ ಮಾರೋದು ಮೋಸ ಅಲ್ವಾ?

ಉತ್ತರ: ಪ್ರತಿ ಸೆಪ್ಟೆಂಬರ್‌ನಲ್ಲೂ ಹೊಸ ಐಫೋನ್ ಜೊತೆಗೇ ಈ ಪ್ರಶ್ನೆಯೂ ಬರುತ್ತದೆ. ಎಷ್ಟು ಸಲ ಹೇಳಿದರೂ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇವೆ. ಈ ಸಲ ದಯವಿಟ್ಟು ನನ್ನ ಜೊತೆ ಕೂತು ಲೆಕ್ಕ ಹಾಕಿ.

256 ಜಿಬಿಯ ಐಫೋನ್ 17 ಬಿಡುಗಡೆಯಾದಾಗ ಅಮೆರಿಕದಲ್ಲಿ 799 ಡಾಲರ್, ನಮ್ಮಲ್ಲಿ 82,900 ರೂಪಾಯಿ. ಆಗ ಡಾಲರ್ ಸುಮಾರು 88 ರೂಪಾಯಿ ಇತ್ತು. ಗುಣಿಸಿದರೆ 70,300. ‘ನೋಡಿ, 12 ಸಾವಿರ ಜಾಸ್ತಿ’ ಅಂತ ಎಲ್ಲರೂ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಅಮೆರಿಕದವರು ಹೇಳುವ ಬೆಲೆಯಲ್ಲಿ ತೆರಿಗೆ ಇರುವುದಿಲ್ಲ. ಬಿಲ್ ಹಾಕುವಾಗ ಆಯಾ ರಾಜ್ಯದ ತೆರಿಗೆ ಮೇಲೆ ಬೀಳುತ್ತದೆ. ನಮ್ಮ ಬೆಲೆಯಲ್ಲಿ 18% ಜಿಎಸ್‌ಟಿ ಒಳಗೇ ಸೇರಿದೆ. ಅದನ್ನು ತೆಗೆದು ನೋಡಿ: 70,254. ಹೆಚ್ಚುಕಡಿಮೆ ಅದೇ ಬೆಲೆ! ಉಳಿದ 12,646 ರೂಪಾಯಿ ಹೋಗುವುದು ಸರ್ಕಾರಕ್ಕೆ. 2020ರ ಮಾರ್ಚ್‌ವರೆಗೂ ಮೊಬೈಲ್ ಮೇಲಿನ ಜಿಎಸ್‌ಟಿ 12% ಇತ್ತು. 2025ರ ಸೆಪ್ಟೆಂಬರ್ 22ರಿಂದ ಎಸಿ, ದೊಡ್ಡ ಟಿವಿಗಳ ಜಿಎಸ್‌ಟಿ ಇಳಿಯಿತು, ಮೊಬೈಲಿನದು ಇಳಿಯಲಿಲ್ಲ.

ಇನ್ನು ‘ಇಲ್ಲೇ ತಯಾರಾದರೆ ಅಗ್ಗ ಆಗಲೇಬೇಕು’ ಅನ್ನುವ ನಂಬಿಕೆ. ಇದೇ ಅಸಲಿ ತಪ್ಪು. ದೇವನಹಳ್ಳಿಯ ಫಾಕ್ಸ್‌ಕಾನ್‌ನಲ್ಲಾಗಲಿ, ಕೋಲಾರದ ನರಸಾಪುರದ ಟಾಟಾ ಘಟಕದಲ್ಲಾಗಲಿ ನಡೆಯುವುದು ಮುಖ್ಯವಾಗಿ ಜೋಡಣೆ. ಚಿಪ್ ಮಾಡುವುದು ತೈವಾನಿನ ಟಿಎಸ್‌ಎಂಸಿ. ಪರದೆ ಸ್ಯಾಮ್‌ಸಂಗ್, ಎಲ್‌ಜಿಯಂಥ ಕಂಪನಿಗಳದ್ದು. ಕ್ಯಾಮೆರಾ ಸೆನ್ಸರ್ ಜಪಾನಿನ ಸೋನಿಯದ್ದು. ಒಟ್ಟು ಖರ್ಚಿನಲ್ಲಿ ಜೋಡಣೆಯ ಕೂಲಿ ತೀರಾ ಸಣ್ಣ ಪಾಲು. ಟೈಲರ್ ನಮ್ಮ ಬೀದಿಗೇ ಬಂದ ಅಂತ ರೇಷ್ಮೆ ಬಟ್ಟೆಯ ಬೆಲೆ ಇಳಿಯುತ್ತದೆಯೇ? ಅದೂ ಅಲ್ಲದೆ, ಇಲ್ಲಿ ಜೋಡಿಸುವ ಖರ್ಚು ಚೀನಾಕ್ಕಿಂತ ಜಾಸ್ತಿ. ಆ ಕೊರತೆ ತುಂಬಲೆಂದೇ ಕೇಂದ್ರ ಸರ್ಕಾರ 2020ರಲ್ಲಿ ಪಿಎಲ್ಐ (ಉತ್ಪಾದನೆಗೆ ತಕ್ಕ ಪ್ರೋತ್ಸಾಹಧನ) ಯೋಜನೆ ತಂದು ತಯಾರಕರಿಗೆ ಹಣ ಕೊಟ್ಟಿತು.

ಇಲ್ಲಿ ತಯಾರಾದರೆ ಉಳಿಯುವುದು ಆಮದು ಸುಂಕ. 2024ರ ಜುಲೈವರೆಗೆ 20% ಇದ್ದದ್ದು ಆಮೇಲೆ 15% ಆಯಿತು. ಆ ವರ್ಷವೇ ಪ್ರೊ ಮಾದರಿಗಳ ಜೋಡಣೆಯೂ ಇಲ್ಲಿ ಶುರುವಾಯಿತು. 1,34,900 ಇದ್ದ 15 ಪ್ರೊ ಜಾಗಕ್ಕೆ 16 ಪ್ರೊ 1,19,900ಕ್ಕೆ ಬಂತು.

ನಿಮ್ಮ ಸಿಟ್ಟು ತೋರಿಸಲೇಬೇಕಾದರೆ 17 ಪ್ರೊ ಮೇಲೆ ತೋರಿಸಿ. ಬಿಡುಗಡೆಯಾದಾಗ ಅಮೆರಿಕದಲ್ಲಿ ಅದು 1,099 ಡಾಲರ್, ಅಂದರೆ ಸುಮಾರು 96,700 ರೂಪಾಯಿ. ನಮ್ಮಲ್ಲಿ 1,34,900. ಜಿಎಸ್‌ಟಿ ಕಳೆದರೂ 17 ಸಾವಿರಕ್ಕೂ ಜಾಸ್ತಿ ಉಳಿಯುತ್ತದೆ. ಯಾಕೆ? ಲಕ್ಷ ದಾಟಿದ ಮೇಲೆ ಸ್ಯಾಮ್‌ಸಂಗ್ ಬಿಟ್ಟರೆ ಗಟ್ಟಿಯಾಗಿ ಎದುರು ನಿಲ್ಲುವವರು ಕಡಿಮೆ, ಕೊಳ್ಳುವವರೂ ಹಿಂದೆ ಸರಿಯುವುದಿಲ್ಲ. ಇದು ನನ್ನ ಅಭಿಪ್ರಾಯ. ಹದಿನೈದು ಸಾವಿರ ರೂಪಾಯಿಯ ಫೋನ್‌ಗಳ ಸಾಲಿಗೆ ಬನ್ನಿ, ವಿವೊ, ಒಪ್ಪೊ, ರೆಡ್ಮಿ, ರಿಯಲ್‌ಮಿ, ಮೊಟೊ ಎಲ್ಲ ಒಬ್ಬರ ಮೇಲೊಬ್ಬರು ಬಿದ್ದು ಮಾರುತ್ತಿದ್ದಾರೆ. ಹಾರ್ಡ್‌ವೇರ್‌ನಲ್ಲಿ 5%ಗಿಂತ ಜಾಸ್ತಿ ನಿವ್ವಳ ಲಾಭ ಇಟ್ಟುಕೊಳ್ಳುವುದಿಲ್ಲ ಅಂತ ಶಿಯೋಮಿ 2018ರಲ್ಲಿ ಮಾತು ಕೊಟ್ಟಿದ್ದು ಇಂಥ ಪೈಪೋಟಿಯ ನಡುವೆಯೇ.

ನೀವು ಕೇಳಲಿಲ್ಲ, ಆದರೂ ಟ್ಯಾಬ್ಲೆಟ್ ವಿಷಯ ಹೇಳದೆ ಬಿಡಲಾರೆ. 2025ರ ಐಪ್ಯಾಡ್ ಬಿಡುಗಡೆಯಾದಾಗ ಅಮೆರಿಕದಲ್ಲಿ 349 ಡಾಲರ್, ನಮ್ಮಲ್ಲಿ 34,900 ರೂಪಾಯಿ. ಜಿಎಸ್‌ಟಿ ತೆಗೆದರೆ 29,576. ಬಿಡುಗಡೆಯ ಹೊತ್ತಿನ 87 ರೂಪಾಯಿ ಲೆಕ್ಕದಲ್ಲಿ ಅಮೆರಿಕದ ಬೆಲೆ 30,363. ಅಂದರೆ ನಮ್ಮಲ್ಲೇ ತುಸು ಕಡಿಮೆ! ಅದು ಹೊರದೇಶದಲ್ಲಿ ತಯಾರಾಗಿ ಇಲ್ಲಿಗೆ ಬರುವ ಮಾಲು. ಆದರೆ ಲ್ಯಾಪ್‌ಟಾಪ್‌ಗೆ ಇಲ್ಲದ ಹಾಗೆಯೇ ಟ್ಯಾಬ್ಲೆಟ್‌ಗೂ ಮೂಲ ಆಮದು ಸುಂಕವೇ ಇಲ್ಲ.