ವಿನಾಯಿತಿ ನಿಮ್ಮ ಕಾರಿಗೆ, ಟ್ಯಾಂಕಿಗಲ್ಲ

ಅಮೆರಿಕದಲ್ಲಿ ಗ್ಯಾಸ್ ಸಿಲಿಂಡರ್ ಪರೀಕ್ಷೆ ಮಾಡೋದು ನನ್ನ ಕೆಲಸ. ಬೇಸಿಗೆ ಬಂತೆಂದರೆ ಅಂಗಡಿಯಲ್ಲಿ ಒಂದೇ ವಾದ. ಗಿರಾಕಿಗಳು ಪರೀಕ್ಷೆಯ ಗಡುವು ದಾಟಿದ ಸ್ಕೂಬಾ ಟ್ಯಾಂಕನ್ನು (ನೀರಿನಡಿ ಉಸಿರಾಡಲು ಗಾಳಿ ಒತ್ತಿ ತುಂಬುವ ಸಿಲಿಂಡರು) ಕೌಂಟರ್ ಮೇಲಿಟ್ಟು, ಫೋನಿನಲ್ಲಿ ಡಿಒಟಿಯ, ಅಂದರೆ ಅಮೆರಿಕದ ಸಾರಿಗೆ ಇಲಾಖೆಯ, ನಿಯಮ ತೋರಿಸುತ್ತಾರೆ. "ಡಿಒಟಿ ರೂಲ್ಸು ನನ್ನಂಥವರಿಗೆ ಅನ್ವಯಿಸಲ್ಲ ಸರ್, ಸುಮ್ನೆ ತುಂಬಿಸಿಕೊಡಿ."

ಓದಿದ್ದು ಸರಿ, ಅರ್ಥ ಮಾಡಿಕೊಂಡದ್ದು ಅರ್ಧ. ಅಪಾಯಕಾರಿ ವಸ್ತು ಸಾಗಣೆಯ ಫೆಡರಲ್ ನಿಯಮಗಳು ವ್ಯವಹಾರದ ಸಾಗಣೆಗೆ ಮಾತ್ರ. ವ್ಯಕ್ತಿಯೊಬ್ಬರು ಸ್ವಂತ ಬಳಕೆಗೆ ಖಾಸಗಿ ವಾಹನದಲ್ಲಿ ಒಯ್ದರೆ, ಅದು ಬಾಡಿಗೆ ಕಾರಾದರೂ, ವಿನಾಯಿತಿ ಇದೆ ಅಂತ ಫೆಡರಲ್ ನಿಯಮಾವಳಿಯ 49 ಸಿಎಫ್‌ಆರ್ 171.1 ಹೇಳುತ್ತದೆ. ಅಂದರೆ ನೀವು ಡಿಕ್ಕಿಯಲ್ಲಿಟ್ಟು ಕೆರೆಗೆ ಹೋಗುವುದಕ್ಕೆ ವಿನಾಯಿತಿ. ಟ್ಯಾಂಕಿಗೆ ಗಾಳಿ ತುಂಬುವ ನನ್ನ ಕಂಪ್ರೆಸರಿಗೆ ವಿನಾಯಿತಿ ಅಂತ ಎಲ್ಲಿದೆ?

ಟ್ಯಾಂಕಿನ ಹೆಗಲ ಮೇಲೆ ಬೆರಳಾಡಿಸಿ ನೋಡಿ. ಡಿಒಟಿ-3ಎಎಲ್ 3000 ಅಂತ ಅಚ್ಚು ಇರುತ್ತದೆ. ಅಂದರೆ ಅಲ್ಯೂಮಿನಿಯಂ ಟ್ಯಾಂಕ್, ತುಂಬುವ ಒತ್ತಡ 3000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ). ಪಕ್ಕದಲ್ಲೇ ಪರೀಕ್ಷೆಯ ತಿಂಗಳು, ವರ್ಷ. 5 ವರ್ಷಕ್ಕೊಮ್ಮೆ ನೀರು ತುಂಬಿ 5000 ಪಿಎಸ್‌ಐ ಒತ್ತಡ ಕೊಟ್ಟು ಎಷ್ಟು ಹಿಗ್ಗಿತು, ಎಷ್ಟು ಮರಳಿತು ಅಂತ ಅಳೆಯುತ್ತೇವೆ. ಗಡುವು ಮುಗಿದ ಸಿಲಿಂಡರನ್ನು ತುಂಬಿಸಿ ಸಾಗಣೆಗೆ ಕೊಡಬಾರದು ಅನ್ನುವುದು ನಿಯಮ. ಗಡುವಿಗೆ ಮೊದಲೇ ತುಂಬಿಸಿದ್ದರೆ ಖಾಲಿಯಾಗುವವರೆಗೆ ಬಳಸಬಹುದು, ಮತ್ತೆ ತುಂಬಿಸುವಂತಿಲ್ಲ. ನಿಮ್ಮ ಕೈಗೆ ಕೊಡುವುದು 'ವ್ಯವಹಾರದ ಸಾಗಣೆ'ಯೇ ಅಂತ ವಕೀಲರು ವಾದ ಮಾಡಬಹುದು. ನಾನು ವಕೀಲನಲ್ಲ. ಆದರೆ ತುಂಬಿಸುವಾಗ ಪಕ್ಕದಲ್ಲಿ ನಿಂತಿರೋದು ನನ್ನ ಅಂಗಡಿಯ ಕೆಲಸದ ಹುಡುಗ. ಕೆಲಸಗಾರರ ಸುರಕ್ಷತೆಯ ಕಾನೂನು, ವಿಮೆ ಎರಡೂ ನನ್ನ ತಲೆ ಮೇಲಿವೆ.

ಮೈಸೂರು ಕಡೆಯ ಹಿರಿಯರೊಬ್ಬರು ಚೆನ್ನಾಗಿ ಪೇಂಟ್ ಬಳಿದ ಟ್ಯಾಂಕ್ ತಂದಿದ್ದರು. ಗೆಳೆಯ ಪುಕ್ಕಟೆ ಕೊಟ್ಟದ್ದಂತೆ. ಬಣ್ಣ ಕೆರೆದರೆ 1980ರ ದಶಕದ ಅಚ್ಚು, ಹಳೆಯ 6351 ಮಿಶ್ರಲೋಹ. ಆ ಲೋಹಕ್ಕೆ ಕತ್ತಿನ ಥ್ರೆಡ್‌ನಲ್ಲಿ ಬಿರುಕು ಬಿಡುವ ಚಾಳಿ. ಅದಕ್ಕೇ ಅಂಥ ಸ್ಕೂಬಾ ಟ್ಯಾಂಕಿಗೆ ಎಡ್ಡಿ ಕರೆಂಟ್ ಪರೀಕ್ಷೆಯೂ (ವಿದ್ಯುತ್ಕಾಂತದಿಂದ ಬಿರುಕು ಹುಡುಕುವುದು) ಕಡ್ಡಾಯ. ಇದರಲ್ಲಿ ಬಿರುಕು ಸಿಕ್ಕಿತು. "ಕಾನೂನು ನನಗಿಲ್ಲ ಅಲ್ವಾ?" ಅಂತ ಶುರು ಮಾಡಿದವರು ಕನ್ನಡಕ ಏರಿಸಿ ಆ ಗೀರನ್ನೇ ನೋಡುತ್ತಾ ನಿಂತರು. ಪಾಪ, ಟ್ಯಾಂಕಿನಿಂದ ಉಸಿರಾಡಲು ಬೇಕಾದ ಹೊಸ ರೆಗ್ಯುಲೇಟರ್ ಬೇರೆ ತಂದಿದ್ದರು.

ಇನ್ನು, ಒಯ್ಯುವುದರಲ್ಲೂ ನೀವು ಯಾವಾಗಲೂ 'ಖಾಸಗಿ' ಅಲ್ಲ. ದುಡ್ಡು ತೆಗೆದುಕೊಂಡು ಡೈವಿಂಗ್ ಕಲಿಸುವವರು ವಿದ್ಯಾರ್ಥಿಗಳ ಟ್ಯಾಂಕ್ ಒಯ್ದರೆ ಅದು ವ್ಯವಹಾರ. ಸಣ್ಣ ಪ್ರಮಾಣಕ್ಕೆ ಸಡಿಲ ನಿಯಮ ಉಂಟು, ಅದರಲ್ಲಿ ಸಿಲಿಂಡರಿಗೆ 100 ಕೆ.ಜಿ. ಮಿತಿ. ಮಗನ ಹುಟ್ಟುಹಬ್ಬದ ಬಲೂನಿಗೆ ಹೀಲಿಯಂ ಸಿಲಿಂಡರ್ ತಂದರೆ ತೊಂದರೆಯಿಲ್ಲ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ತರುವುದಾದರೆ? ಲಾಭ ಮಾಡದ ಸಂಸ್ಥೆ ಅಂದ ಮಾತ್ರಕ್ಕೆ ಬಿಡುಗಡೆ ಅಂತ ನಾನಂತೂ ಹೇಳೆನು. ಸಿಲಿಂಡರ್ ಬಾಡಿಗೆ ಕೊಡುವವರಿಗೇ ತಲುಪಿಸಲು ಹೇಳಿ. ಕೆಲವು ಸುರಂಗ ರಸ್ತೆಗಳಿಗೆ ತಮ್ಮದೇ ನಿರ್ಬಂಧಗಳಿವೆ, ಪ್ರೊಪೇನ್ ಇದ್ದರಂತೂ ಮೊದಲೇ ವಿಚಾರಿಸಿ.

ವಿಮಾನದಲ್ಲಿ ಈ ಖಾಸಗಿ ಮಾತೇ ನಡೆಯದು. ವಾಲ್ವ್ ಪೂರ್ತಿ ಬಿಚ್ಚಿ, ಒಳಗೆ ಕಾಣುವಂತಿದ್ದರಷ್ಟೇ ವಿಮಾನ ನಿಲ್ದಾಣದಲ್ಲಿ ತಪಾಸಣೆ ಮಾಡುವ ಟಿಎಸ್‌ಎ ಬಿಡುತ್ತದೆ. ಮನೆಯಲ್ಲಿ ಬಿಚ್ಚಲು ಹೋಗಬೇಡಿ, ಅಂಗಡಿಗೆ ತನ್ನಿ. ಊರಿಗೆ ಹೋದಾಗ ನೇತ್ರಾಣಿ ದ್ವೀಪದ ಬಳಿ ಡೈವ್ ಮಾಡುವ ಆಸೆಯಿದ್ದರೆ ಟ್ಯಾಂಕನ್ನು ಇಲ್ಲೇ ಬಿಟ್ಟು ಹೋಗಿ. ಮುರ್ಡೇಶ್ವರದಲ್ಲಿ ಡೈವ್ ಮಾಡಿಸುವವರೇ ಕೊಡುತ್ತಾರೆ.